ಅಕ್ಕನ ಪಾಲಿಗೆ ಏನು?

2025ರ ಆಸ್ಕರ್ ಪ್ರಶಸ್ತಿಯ ಕಿರುಚಿತ್ರ ವಿಭಾಗದಲ್ಲಿ ನಾಮನಿರ್ದೇಶನಗೊಂಡಿದ್ದ ‘ಅನುಜಾ’ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಆಡಮ್ ಗ್ರೇವ್ಸ್ ನಿರ್ದೇಶಿಸಿದ, ಅರ್ಧ ಗಂಟೆಯನ್ನೂ ಮೀರದ ಈ ಚಿತ್ರ ದೆಹಲಿಯ ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುವ ಅನಾಥ ಅಕ್ಕತಂಗಿಯರ ಕಥೆ. ಒಂಬತ್ತು ವರ್ಷದ ಅನುಜಾ ಲೆಕ್ಕದಲ್ಲಿ ಬಹು ಜಾಣೆ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಬೇಕಾದ 400 ರೂಪಾಯಿಗಾಗಿ ಹದಿಹರೆಯದ ಅಕ್ಕ ಪಾಲಕ್ ತುಂಡು ಬಟ್ಟೆಗಳಿಂದ ಗುಟ್ಟಾಗಿ ಚೀಲ ಹೊಲಿಯುತ್ತಾಳೆ. ತಂಗಿ ಕೊನೆಗೆ ಶಾಲೆಯ ದಾರಿ ಹಿಡಿದಳೋ, ಕಾರ್ಖಾನೆಯಲ್ಲೇ ಉಳಿದಳೋ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಅನುಜಾ ಏನನ್ನು ಆರಿಸಿಕೊಂಡಳು ಎಂದು ನೋಡಿದವರು ಕೇಳುತ್ತಾರೆ. ಪಾಲಕ್‌ಳಿಗೆ ಆರಿಸಿಕೊಳ್ಳಲು ಏನಿತ್ತು ಎಂದು ಕೇಳುವವರು ವಿರಳ. ಅವಳ ಪ್ರೀತಿ ಅಪ್ಪಟವಾದುದು, ಸಂಶಯವಿಲ್ಲ. ಆದರೆ ಬೇರೆ ದಾರಿಯೇ ಇಲ್ಲದವಳ ಮೇಲೆ ಬಿದ್ದ ಹೊರೆಯನ್ನು ‘ತ್ಯಾಗ’ವೆಂದು ಕೊಂಡಾಡುವುದು ನಮ್ಮ ಮನಸ್ಸಾಕ್ಷಿಯನ್ನು ಮಲಗಿಸುವ ಉಪಾಯ.

ನಮ್ಮ ಕಾನೂನೂ ಅವಳನ್ನು ಅರ್ಧ ದಾರಿಯಲ್ಲೇ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದವರಿಗೆ ಮಾತ್ರ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು 14ರಿಂದ 18ರವರೆಗಿನವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸುತ್ತದೆ. ಹದಿನಾಲ್ಕು ತುಂಬಿದ ಮರುದಿನವೇ ಬಡವರ ಮಗುವಿನ ಬಾಲ್ಯ ಮುಗಿಯಿತೆಂದು ತೀರ್ಮಾನಿಸಿದವರು ಯಾರು?

ಇನ್ನೊಂದು ಮಾತು. ಅನುಜಾ ಜಾಣೆಯಾದುದರಿಂದ ಶಿಕ್ಷಕರು ಅವಳನ್ನು ಹುಡುಕಿ ಬಂದರು. ಜಾಣೆಯಲ್ಲದಿದ್ದರೆ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಹೊರಟ ಕುರುಬನು ಕಳೆದುಹೋದ ಕುರಿಯ ಪ್ರತಿಭೆಯನ್ನು ಪರೀಕ್ಷಿಸಲಿಲ್ಲ. ಶಿಕ್ಷಣ ಜಾಣರಿಗೆ ಸಲ್ಲುವ ಬಹುಮಾನವಲ್ಲ.

‘ಯೇಸುವೂ ಬಡಗಿಯ ಮನೆಯಲ್ಲಿ ದುಡಿದೇ ಬೆಳೆದರಲ್ಲವೇ?’ ಎಂದು ಕೇಳುವವರುಂಟು. ಹೌದು, ದುಡಿಮೆ ಪವಿತ್ರ. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವರು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನಿಸುತ್ತಿದ್ದರೆಂದು ಲೂಕನ ಶುಭಸಂದೇಶ ಹೇಳುತ್ತದೆ. ಕಾಣದ ಮಗನಿಗಾಗಿ ಮರಿಯ ಮತ್ತು ಜೋಸೆಫರು ಮೂರು ದಿನ ಹುಡುಕಾಡಿದರು. ಪಾಲಕ್‌ಳಂಥವರನ್ನು ಹುಡುಕುವವರು ಯಾರು?

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. ದೇಹ, ಮನಸ್ಸು ಬಲಿಯದ ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲೇ ಎಚ್ಚರಿಸಿದ್ದರು. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಗುರುಮಠ ಸೇರಿದಾಗ ಅವರ ಓರಗೆಯವರು ಕಾರ್ಖಾನೆ ಸೇರಿದ್ದರು. ಆ ಗೆಳೆಯರು ತಮ್ಮಿಂದಲೂ ಧರ್ಮಸಭೆಯಿಂದಲೂ ದೂರವಾದುದು ಅವರನ್ನು ಕಾಡಿತು. ಯುವ ಕ್ರೈಸ್ತ ಕಾರ್ಮಿಕರ ಚಳವಳಿ ಹುಟ್ಟಿದ್ದು ಆ ನೋವಿನಿಂದ. ‘ನೋಡು, ವಿವೇಚಿಸು, ಕಾರ್ಯಗೈ’ ಎಂಬುದು ಅದರ ಮಾರ್ಗ.

ನಾವು ನೋಡುತ್ತೇವೆ, ಕಣ್ಣೀರಿಡುತ್ತೇವೆ; ಅಲ್ಲಿಗೆ ಮುಗಿಯಿತು. ಭಾನುವಾರ ನಾವು ಬಲಿಪೂಜೆಗೆ ಬಂದಾಗ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಹದಿನೈದರ ಹುಡುಗಿ ಯಾರ ಮಗಳು? ‘ಊಟ, ಬಟ್ಟೆ ಕೊಟ್ಟು ಮಗಳಂತೆ ನೋಡಿಕೊಂಡಿದ್ದೇವೆ’ ಎನ್ನುತ್ತೀರಿ. ಹಾಗಿದ್ದರೆ ನಿಮ್ಮ ಮಗಳು ಕಾಲೇಜಿಗೆ ಹೋಗುವಾಗ ಈ ಮಗಳೇಕೆ ಅವಳ ಬುತ್ತಿ ಕಟ್ಟುತ್ತಾಳೆ? ಪ್ರತಿ ಧರ್ಮಕೇಂದ್ರವೂ ತನ್ನ ವ್ಯಾಪ್ತಿಯಲ್ಲಿ ಶಾಲೆ ಬಿಟ್ಟು ದುಡಿಯುವ ಹದಿಹರೆಯದವರ ಪಟ್ಟಿ ಮಾಡಲಿ. ಅವರ ಓದಿನ ಹೊಣೆ ಹೊರಲಿ. ಹಬ್ಬದ ಪಟಾಕಿಗೂ ದೀಪಾಲಂಕಾರಕ್ಕೂ ಹಣ ಕೂಡಿಸಬಲ್ಲ ನಮಗೆ ಇದು ಅಸಾಧ್ಯವೇನಲ್ಲ.