ದುಡ್ಡು ಮೊದಲು ಬಂತೋ, ಕಾಯಿಲೆ ಮೊದಲು ಬಂತೋ

ಹಜ್‌ಗೆ ಅರ್ಜಿ ಕರೆದರೆಂದರೆ ಬಳ್ಳಾರಿಯ ಕೌಲ್‌ ಬಜಾರಿನಲ್ಲಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಪಾಸ್‌ಪೋರ್ಟ್‌ ಹಿಡಿದು ಓಡಾಡುವವರಲ್ಲಿ ತಲೆ ನರೆತವರೇ ಹೆಚ್ಚು. ಭತ್ತದ ದುಡ್ಡು ಕೈಗೆ ಬಂದಾಗ ಮೊದಲು ಸಾಲ, ಆಮೇಲೆ ಮಗಳ ಮದುವೆ, ಆಮೇಲೆ ಮನೆಗೊಂದು ಮಾಳಿಗೆ. ಹಜ್‌ನ ಸರದಿ ಬರುವಷ್ಟರಲ್ಲಿ ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಮನೆ ಹೊಕ್ಕಿರುತ್ತದೆ. ಆಗ ಮಸೀದಿಯ ಮೆಟ್ಟಿಲ ಮೇಲೆ ಪ್ರಶ್ನೆ: ‘ಹಜರತ್, ನನ್ ಮ್ಯಾಲೆ ಹಜ್ ಫರ್ಜ್ ಐತೋ, ಇಲ್ಲೋ?’

ಹಜ್‌ ಫರ್ಜ್‌, ಅಂದರೆ ಕಡ್ಡಾಯ, ಹೌದೋ ಅಲ್ಲವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕುರ್‌ಆನ್‌ನ ಮೂರನೆಯ ಅಧ್ಯಾಯದ 97ನೇ ಸೂಕ್ತಿ ಹಜ್ಜನ್ನು ಕಡ್ಡಾಯ ಮಾಡಿರುವುದೇ ಅಲ್ಲಿಗೆ ಹೋಗುವ ಶಕ್ತಿ ಇದ್ದವರಿಗೆ. ನಮ್ಮ ಭಾಗದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದಲ್ಲಿ ನಿರ್ಣಾಯಕವಾಗುವುದು ದುಡ್ಡು ಮತ್ತು ಕಾಯಿಲೆ ಎರಡರಲ್ಲಿ ಯಾವುದು ಮೊದಲು ಬಂತು ಎಂಬುದು. ದುಡ್ಡು ಕೂಡಿಬರುವ ಮೊದಲೇ ದೇಹ ಕೈಕೊಟ್ಟಿದ್ದರೆ ಹಜ್‌ ಅವರ ಮೇಲೆ ಕಡ್ಡಾಯವೇ ಆಗಲಿಲ್ಲ ಎಂದರು ಇಮಾಮ್‌ ಅಬೂ ಹನೀಫಾ. ಅವರ ಶಿಷ್ಯರಾದ ಅಬೂ ಯೂಸುಫ್‌ ಮತ್ತು ಮುಹಮ್ಮದ್‌ ಒಪ್ಪಲಿಲ್ಲ. ತಾನು ಹೋಗಲಾಗದಿದ್ದರೆ ಬೇರೊಬ್ಬರನ್ನು ಕಳಿಸಬೇಕು ಎಂದರು. ಆದರೆ ಗಟ್ಟಿಮುಟ್ಟಾಗಿದ್ದಾಗ ದುಡ್ಡೂ ಇತ್ತು, ಮುಂದಿನ ವರ್ಷ ನೋಡೋಣ ಎಂದು ತಳ್ಳಿ ಕೊನೆಗೆ ಹಾಸಿಗೆ ಹಿಡಿದವರ ವಿಷಯದಲ್ಲಿ ಗುರುಶಿಷ್ಯರ ನಡುವೆ ಭೇದವಿಲ್ಲ. ಅವರ ಹೆಗಲ ಮೇಲಿನ ಸಾಲ ತೀರಿಲ್ಲ. ಬದುಕಿರುವಾಗಲೇ ಪ್ರತಿನಿಧಿಯನ್ನು ಕಳಿಸಬೇಕು, ಇಲ್ಲವೇ ವಸಿಯತ್‌ (ಉಯಿಲು) ಬರೆದಿಡಬೇಕು. ಆ ಖರ್ಚು ಆಸ್ತಿಯ ಮೂರನೇ ಒಂದು ಪಾಲಿನೊಳಗೆ ಆಗಬೇಕು.

ಅಬೂ ಯೂಸುಫರ ಪ್ರಕಾರ ಶಕ್ತಿ ಬಂದ ವರ್ಷವೇ ಹೊರಡಬೇಕು. ಇಮಾಮ್‌ ಮುಹಮ್ಮದರು ತಡವಾದರೂ ನಡೆದೀತು ಎಂದರು. ಆದರೆ ಹೋಗದೆಯೇ ಸತ್ತರೆ ಪಾಪ ತಪ್ಪದು ಎಂದೂ ಸೇರಿಸಿದರು. ನಮ್ಮ ಕಡೆಯವರಿಗೆ ಈ ಮಾತಿನ ಮೊದಲರ್ಧವಷ್ಟೇ ಕೇಳಿಸಿದಂತಿದೆ.

ಬದಲಿಯಾಗಿ ಕಳಿಸುವ ‘ಹಜ್‌-ಎ-ಬದಲ್‌’ಗೆ ಆಧಾರ ಪ್ರವಾದಿಯವರ ವಿದಾಯದ ಹಜ್‌ನ ಪ್ರಸಂಗ. ಖಸ್‌ಅಮ್‌ ಬುಡಕಟ್ಟಿನ ಹೆಣ್ಣುಮಗಳೊಬ್ಬಳು, ಸವಾರಿಯ ಮೇಲೆ ಕೂರಲೂ ಆಗದ ಮುದಿ ತಂದೆಯ ಪರವಾಗಿ ನಾನು ಹಜ್‌ ಮಾಡಬಹುದೇ ಎಂದು ಕೇಳಿದಳು. ಮಾಡು ಎಂಬ ಉತ್ತರ ಸಿಕ್ಕಿತು. ಕರಾವಳಿಯ ಶಾಫಿ ಪಂಥದವರೂ ಇದನ್ನು ಒಪ್ಪುತ್ತಾರೆ, ಆದರೆ ಹೋಗುವವರು ಮೊದಲು ತಮ್ಮ ಹಜ್‌ ಮುಗಿಸಿರಬೇಕು ಎನ್ನುತ್ತಾರೆ. ಹನಫಿಗಳಲ್ಲಿ ಇನ್ನೊಂದು ಷರತ್ತಿದೆ: ಕಾಯಿಲೆ ಮುಂದೆ ವಾಸಿಯಾದರೆ ತಾನೇ ಹೋಗಿ ಬರಬೇಕು. ಡಯಾಲಿಸಿಸ್‌ನಲ್ಲಿದ್ದು ನಂತರ ಕಿಡ್ನಿ ಕಸಿ ಮಾಡಿಸಿಕೊಂಡು ಚೇತರಿಸಿಕೊಂಡವರು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕಾಯಿಲೆ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಮಾತ್ರೆಗೆ ಬಗ್ಗುವ ಬಿಪಿ, ಹಿಡಿತದಲ್ಲಿರುವ ಸಕ್ಕರೆ ನೆಪವಾಗವು. ಮೊಣಕಾಲು ನೋವಿಗೂ ದಾರಿಯಿದೆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅಸ್ವಸ್ಥರಾಗಿದ್ದಾಗ ಸವಾರಿಯ ಮೇಲೆಯೇ ಕಾಬಾ ಪ್ರದಕ್ಷಿಣೆ ಮಾಡಿದ್ದರು. ಇಂದು ಗಾಲಿಕುರ್ಚಿ ಇದೆ. ಸೈತಾನನಿಗೆ ಕಲ್ಲೆಸೆಯುವುದನ್ನು ಅಶಕ್ತರ ಪರವಾಗಿ ಬೇರೆಯವರು ಮಾಡಬಹುದು. ಕಾಯಿಲೆಯ ಕಾರಣಕ್ಕೆ ಹಜ್‌ನ ದೀಕ್ಷೆಯಾದ ಇಹ್ರಾಮ್‌ನಲ್ಲಿ ಹೊಲಿದ ಬಟ್ಟೆ ತೊಡಲೇಬೇಕಾದರೆ ಅದಕ್ಕೆ ಫಿದ್ಯಾ ಉಂಟು: ಮೂರು ಉಪವಾಸ, ಇಲ್ಲವೇ ಆರು ಬಡವರಿಗೆ ಊಟ, ಇಲ್ಲವೇ ಒಂದು ಬಲಿ. ಅರಫಾತ್‌ ಬಯಲಿನಲ್ಲಿ ಹಾಜರಿ ಮಾತ್ರ ಬೇರೆಯವರ ಕೈಲಿ ಹಾಕಿಸುವಂಥದ್ದಲ್ಲ. ಆಸ್ಪತ್ರೆ ಸೇರಿದವರನ್ನು ಸೌದಿ ಸರ್ಕಾರ ಆಂಬುಲೆನ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುವುದು ಅದಕ್ಕೇ.

ಇಷ್ಟು ಸಡಿಲ ಬಿಟ್ಟಿರುವ ಧರ್ಮಕ್ಕಿಂತ ಬಿಗಿಯಾಗಿರುವುದು ನೆರೆಹೊರೆಯ ಬಾಯಿ. ‘ಅಷ್ಟು ಐತಿ, ಇನ್ನೂ ಹಾಜಿ ಆಗಿಲ್ಲ’ ಎಂಬ ಮಾತಿಗೆ ಹೆದರಿ ವೈದ್ಯಕೀಯ ಪ್ರಮಾಣಪತ್ರದಲ್ಲಿ ಕಾಯಿಲೆ ಮುಚ್ಚಿಡುವವರಿದ್ದಾರೆ. ಮುಖ ನೋಡಿ ಸಹಿ ಹಾಕಿಕೊಡುವ ಡಾಕ್ಟರೂ ಸಿಗುತ್ತಾರೆ. ಬಳ್ಳಾರಿಯ ಬಿಸಿಲು ಉಂಡವರಿಗೆ ಮಕ್ಕಾದ ಬಿಸಿಲೇನು ಲೆಕ್ಕ ಎಂಬ ಧೈರ್ಯ ಬೇರೆ. 2024ರ ಜೂನ್‌ನಲ್ಲಿ ಹಜ್‌ ವೇಳೆ ಅಲ್ಲಿ ತಾಪಮಾನ 51.8 ಡಿಗ್ರಿ ಮುಟ್ಟಿತು. ಸೌದಿ ಲೆಕ್ಕದ ಪ್ರಕಾರ 1,301 ಜನ ಸತ್ತರು; ಹೆಚ್ಚಿನವರು ಪರವಾನಗಿ ಇಲ್ಲದೆ ಹೋದವರು. ಭಾರತದ ವಿದೇಶಾಂಗ ಸಚಿವಾಲಯ ಜೂನ್‌ 21ರಂದು, ಆವರೆಗೆ ಸತ್ತ 98 ಭಾರತೀಯರ ವಿಷಯ ತಿಳಿಸುವಾಗ ಹೇಳಿದ ಕಾರಣಗಳಲ್ಲಿ ದೀರ್ಘಕಾಲದ ಕಾಯಿಲೆಯೂ ಒಂದು. 2026ರ ಹಜ್‌ಗೆ ಸೌದಿ ಆರೋಗ್ಯ ಸಚಿವಾಲಯ ಪಟ್ಟಿಯನ್ನೇ ಕೊಟ್ಟಿತು: ಡಯಾಲಿಸಿಸ್‌ನಲ್ಲಿರುವವರು, ತೀವ್ರ ಹೃದಯ ವೈಫಲ್ಯದವರು, ಆಮ್ಲಜನಕ ಬೇಕಾಗುವ ಶ್ವಾಸಕೋಶದ ರೋಗಿಗಳು, ಕೀಮೋ ಪಡೆಯುತ್ತಿರುವವರು ಬರುವಂತಿಲ್ಲ. ಶಾಸ್ತ್ರ ಅಶಕ್ತರೆಂದು ಬಿಟ್ಟವರನ್ನೇ ವೀಸಾ ನಿಯಮವೂ ಹೆಚ್ಚುಕಡಿಮೆ ತಡೆಯುತ್ತಿದೆ.

ಭಾರತೀಯ ಹಜ್‌ ಸಮಿತಿ 65 ದಾಟಿದವರಿಗೆ ಆದ್ಯತೆ ಕೊಡುವುದು ಮಾನವೀಯವೇ. ಆದರೆ 50ರ ಆಸುಪಾಸಿನವರಿಗೆ ಅದು ಕಾಯಲು ಇನ್ನೊಂದು ಸಬೂಬಾಗಬಾರದು. ನಮ್ಮ ತರಬೇತಿ ಶಿಬಿರಗಳ ವೇಳೆಯೂ ತಪ್ಪಿದೆ. ಆಯ್ಕೆಯಾಗಿ, ಕಂತು ಕಟ್ಟಿದ ಮೇಲೆ ನಡೆಯುವ ಶಿಬಿರದಲ್ಲಿ ‘ನಿಮಗೆ ಇದು ಫರ್ಜ್‌ ಅಲ್ಲ’ ಎಂದರೆ ಕೇಳುವವರಾರು? ಹಿಂದೆ ಸರಿದರೆ ಹಣ ಕಡಿತ, ಜೊತೆಗೆ ಊರವರ ಮಾತು. ಜಿಲ್ಲೆಯ ಮಸೀದಿ ಕಮಿಟಿಗಳು ಅರ್ಜಿಗೆ ಮೊದಲೇ ಒಂದು ಜುಮ್ಮಾದ ದಿನ ಮೌಲಾನಾರನ್ನೂ ಸರ್ಕಾರಿ ಆಸ್ಪತ್ರೆಯ ಫಿಜಿಷಿಯನ್‌ ಒಬ್ಬರನ್ನೂ ಒಟ್ಟಿಗೆ ಕೂರಿಸಲಿ. ನಲವತ್ತು ದಾಟಿದವರನ್ನೂ ಕರೆಯಲಿ.