'ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ': ಕ್ಯಾನ್ಸರ್ ಮುಚ್ಚಿಟ್ಟರೆ ನೋವೂ ಮುಚ್ಚಿಹೋಗುತ್ತೆ

ಕಡೂರು: ಬಯಾಪ್ಸಿ ರಿಪೋರ್ಟ್ ಬಂದ ಕೂಡಲೇ ಕಡೂರಾಗಲಿ, ತರೀಕೆರೆ, ಅಜ್ಜಂಪುರವಾಗಲಿ, ಮನೆಯವರು ಹೇಳೋ ಮಾತು ಒಂದೇ: 'ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ಧೈರ್ಯ ಕಳ್ಕೊಳ್ತಾರೆ.'

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಬಾಗಿಲಿಗೆ ಹೋದ ಮೇಲೆ ಅಪ್ಪನಿಗೆ ಗೊತ್ತಾಗದೆ ಇರುತ್ತಾ? ಅವರೂ ಸುಮ್ಮನಾಗ್ತಾರೆ. ಮಕ್ಕಳು ಹೆದರ್ತಾರೆ ಅಂತ ನೋವನ್ನೂ ನುಂಗ್ತಾರೆ. ಎಷ್ಟು ನೋವು, ಯಾವ ಹೊತ್ತಿಗೆ ಅಂತ ರೋಗಿ ಹೇಳದಿದ್ದರೆ ವೈದ್ಯರು ಔಷಧಿ ಎಷ್ಟು ಅಂತ ಬರೆಯೋದು ಹೇಗೆ?

ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಸಾಮಾನ್ಯವಾಗಿ 4 ಗಂಟೆಗೊಮ್ಮೆ, ನೋವು ಜೋರಾಗೋ ಮೊದಲೇ ಕೊಡಬೇಕು. ವೈದ್ಯರು ಹೇಳಿದ ಹಾಗೆ ಕೊಟ್ಟರೆ ಚಟ ಹತ್ತೋದು ಅಪರೂಪ. ಮಲಬದ್ಧತೆ ಆಗುತ್ತೆ, ಅದಕ್ಕೂ ಜೊತೆಗೇ ಔಷಧಿ ಬರೆಸಿಕೊಳ್ಳಿ.

2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಹತ್ತಾರು ಲೈಸೆನ್ಸ್‌ಗೆ ಅಲೆಯದೆ ಮಾರ್ಫಿನ್ ಇಡೋಕೆ ದಾರಿಯಾಗಿದೆ. ಒಂದು ಸ್ಟ್ರಿಪ್ ಮಾತ್ರೆಗಾಗಿ ನಮ್ಮವರು ಬೆಂಗಳೂರು ರೈಲು ಹತ್ತೋ ಹಾಗಾಗಬಾರದು. ಮೂರೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಸಿಗುವಂತೆ ಆರೋಗ್ಯ ಇಲಾಖೆಯನ್ನ ನಾವೇ ಕೇಳಬೇಕು.

ಮನೆಯಲ್ಲಿ ಅಪ್ಪನನ್ನೂ ಕೇಳಿ: 'ನಿಮಗೆ ಏನು ತಿಳ್ಕೋಬೇಕು ಅನ್ಸುತ್ತೆ?' ತೋಟದ ಖಾತೆ, ಕೈಸಾಲ, ಮಗಳ ಮದುವೆ ಅಂತ ಅವರಿಗೂ ಹೇಳೋದಿರುತ್ತೆ.