ಚಿನ್ನದ ನಾಣ್ಯ ನಮಗೆ ಬೇಕೆ?

ಹಳೆಯ ಬೆಳ್ಳಿಯ ರೂಪಾಯಿಯನ್ನು ಇಂದಿಗೂ ಕೆಲವು ಮನೆಗಳ ದೇವರ ಪೆಟ್ಟಿಗೆಯಲ್ಲಿ ಕಾಣಬಹುದು. ಅದನ್ನು ಕಂಡವರು, "ಇದು ನಿಜವಾದ ನಾಣ್ಯ, ಇಂದಿನದು ಬರಿಯ ಉಕ್ಕಿನ ಬಿಲ್ಲೆ" ಎಂದು ನಿಟ್ಟುಸಿರಿಡುವುದುಂಟು. ನಿತ್ಯದ ನಾಣ್ಯಗಳನ್ನು ಮತ್ತೆ ಚಿನ್ನ ಬೆಳ್ಳಿಗಳಲ್ಲಿ ಟಂಕಿಸಿದರೆ ಹಣದ ಬೆಲೆ ಕುಸಿಯದೆಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ಒರೆಗೆ ಹಚ್ಚಿ ನೋಡೋಣ.

ಮೊದಲನೆಯದು ಗಾತ್ರದ ಪ್ರಶ್ನೆ. ಲೆಕ್ಕದ ಸೌಕರ್ಯಕ್ಕಾಗಿ ಒಂದು ಗ್ರಾಂ ಚಿನ್ನದ ಬೆಲೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಹತ್ತು ರೂಪಾಯಿಯ ನಾಣ್ಯದಲ್ಲಿ ಇರತಕ್ಕ ಚಿನ್ನ ಒಂದು ಮಿಲಿಗ್ರಾಂ ಮಾತ್ರ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಆದುದರಿಂದ ಆ ಚಿನ್ನವನ್ನು ಘನಾಕೃತಿಯಾಗಿ ಮಾಡಿದರೆ ಅದರ ಬದಿ 0.4 ಮಿಲಿಮೀಟರನ್ನೂ ಮುಟ್ಟದು. ಅದು ಮರಳಿನ ಕಣವೇ ಹೊರತು ನಾಣ್ಯವಲ್ಲ. ತಾಮ್ರದೊಡನೆ ಬೆರೆಸಿ ನಾಲ್ಕು ಗ್ರಾಂ ತೂಕದ ಬಿಲ್ಲೆ ಮಾಡೋಣವೆಂದರೆ, ಚಿನ್ನ 4,000ದಲ್ಲಿ ಒಂದು ಪಾಲಾಗುತ್ತದೆ; ಒರೆಗಲ್ಲಿಗೂ ಅದು ಸಿಕ್ಕದು. ಕೊನೆಗೆ ನಾವು ನಂಬಬೇಕಾದುದು ಮೇಲಿನ ಮುದ್ರೆಯನ್ನೇ. ಮುದ್ರೆಯನ್ನು ನಂಬುವುದಾದರೆ ಒಳಗಿನ ಚಿನ್ನ ಏತಕ್ಕೆ?

ನಮ್ಮ ನಾಡಿನ ಇತಿಹಾಸವೂ ಇದನ್ನೇ ಹೇಳುತ್ತದೆ. 'ಹಣ' ಎಂಬುದು ಒಂದು ಕಾಲಕ್ಕೆ ಪುಟ್ಟ ಚಿನ್ನದ ನಾಣ್ಯದ ಹೆಸರು. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣದ ತೂಕ ಅರ್ಧ ಗ್ರಾಮಿಗೂ ಕಡಮೆ. ಬೆರಳ ಸಂದಿಯಲ್ಲಿ ಜಾರಿಹೋಗುವಷ್ಟು ಚಿಕ್ಕದಾದ ಆ ನಾಣ್ಯವೂ ಸಂತೆಯ ಚಿಲ್ಲರೆ ವ್ಯಾಪಾರಕ್ಕೆ ದೊಡ್ಡದೇ ಆಯಿತು; ಅದಕ್ಕೆ ತಾಮ್ರದ ಕಾಸುಗಳು ಬೇಕಾದವು.

ಬೆಳ್ಳಿಯ ನಾಣ್ಯದ ತೊಡಕು ಬೇರೆ ಬಗೆಯದು. 1835ರಿಂದ ಟಂಕಿಸಿದ ರೂಪಾಯಿಯ ತೂಕ 11.66 ಗ್ರಾಂ, ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಇಂದು ಆ ಬೆಳ್ಳಿಯ ಬೆಲೆ ಒಂದು ರೂಪಾಯಿಯ ನೂರಾರು ಪಟ್ಟು. ಮುದ್ರೆಯ ಬೆಲೆಯನ್ನು ಲೋಹದ ಬೆಲೆ ಮೀರಿದೊಡನೆ ನಾಣ್ಯ ಅಂಗಡಿಯಿಂದ ಮಾಯವಾಗಿ ಪೆಟ್ಟಿಗೆಯನ್ನೋ ಮೂಸೆಯನ್ನೋ ಸೇರುತ್ತದೆ. ಬೆಳ್ಳಿಯ ಅಭಾವದಿಂದಲೇ ಅಮೆರಿಕವು 1965ರಲ್ಲಿ ತನ್ನ ಚಿಲ್ಲರೆ ನಾಣ್ಯಗಳಿಂದ ಬೆಳ್ಳಿಯನ್ನು ಕೈಬಿಡಲು ಶಾಸನ ಮಾಡಿತು.

ಅಮೂಲ್ಯ ಲೋಹವು ಸರ್ಕಾರದ ಕೈಯನ್ನು ಕಟ್ಟಿಹಾಕುತ್ತದೆ ಎಂಬುದು ಪ್ರತಿವಾದಿಗಳ ಮುಖ್ಯ ಮಾತು. ಆದರೆ ಯುದ್ಧದ ನಡುವೆ, 1940ರಲ್ಲಿ, ನಮ್ಮ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. 1947ರಲ್ಲಿ ಅದು ನಿಕ್ಕಲಿನ ನಾಣ್ಯವಾಯಿತು. ಕೈ ಕಟ್ಟಿಹಾಕುವ ಶಕ್ತಿ ಲೋಹಕ್ಕೆ ಇರಲಿಲ್ಲ.

ಇನ್ನು ಉಕ್ಕಿನ ಬಿಲ್ಲೆಯ ವಿಚಾರ. ಚಿನ್ನ ಬೆಳ್ಳಿಗಳು ಮೃದು. ಕೈಯಿಂದ ಕೈಗೆ ದಾಟುತ್ತ ಸವೆಯುತ್ತವೆ. ನಮ್ಮ ಒಂದು ರೂಪಾಯಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 17 ಪಾಲು ಕ್ರೋಮಿಯಂ ಇದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ತೆಳುಪೊರೆಯಾಗಿ ತುಕ್ಕನ್ನು ತಡೆಯುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಕಡಮೆ ಬೆಲೆಯ, ಗಟ್ಟಿಯಾದ, ಕರಗಿಸಿದರೆ ಲಾಭವಿಲ್ಲದ ಲೋಹವೇ ನಾಣ್ಯಕ್ಕೆ ಯೋಗ್ಯ. ವಿದ್ಯುತ್ತನ್ನು ಎಲ್ಲ ಲೋಹಗಳಿಗಿಂತ ಚೆನ್ನಾಗಿ ಹರಿಸುವ ಬೆಳ್ಳಿಗೂ ಕಿಲುಬು ಹಿಡಿಯದ ಚಿನ್ನಕ್ಕೂ ವಿದ್ಯುನ್ಮಾನ ಯಂತ್ರಗಳಲ್ಲಿ ಬೇಕಾದಷ್ಟು ಕೆಲಸವಿದೆ.

ಹಣದ ಬೆಲೆ ಕುಸಿಯುವುದು ನಿಜವಾದ ಕಷ್ಟವೇ. ಆದರೆ ಅದಕ್ಕೆ ಮದ್ದನ್ನು ಆಡಳಿತದ ಲೆಕ್ಕಪತ್ರಗಳಲ್ಲಿ ಹುಡುಕಬೇಕು. ಟಂಕಸಾಲೆಯ ಮೂಸೆಯಲ್ಲಿ ಅದು ದೊರೆಯದು.